ಕಂಟ್ರೋಲ್ ವಾಲ್ವ್ ಪದೇಪದೇ ತಿಂದುಹೋಗುತ್ತಿದೆಯೇ? ಮೊದಲು ಸವೆತದ ಗುರುತು ನೋಡಿ, ಆಮೇಲೆ ಮೆಟಲ್ ಬದಲಿಸಿ

ಕಂಟ್ರೋಲ್ ವಾಲ್ವ್ ಒಳಗೆ ಸೀಟಿನತ್ತ ಸರಿದು ಹರಿವು ತಡೆಯುವ ಪ್ಲಗ್ ಕೆಲವೇ ತಿಂಗಳಲ್ಲಿ ಹಾಳಾದರೆ ಹೆಚ್ಚಿನ ಕಾರ್ಖಾನೆಗಳಲ್ಲಿ ಮೊದಲು ನಡೆಯುವ ಕೆಲಸ ಒಂದೇ. "316 ಸ್ಟೇನ್‌ಲೆಸ್ ಸ್ಟೀಲ್ ಬೇಡ, ಇನ್ನೂ ಒಳ್ಳೆಯ ಮೆಟಲ್ ಕೊಡಿ" ಎಂದು ಖರೀದಿ ವಿಭಾಗಕ್ಕೆ ಚೀಟಿ ಹೋಗುತ್ತದೆ. ಎಲ್ಲ ಕಡೆಗೂ ಸಲ್ಲುವ ಒಳ್ಳೆಯ ಮೆಟಲ್ ಎಂಬುದು ಇಲ್ಲವೇ ಇಲ್ಲ. ನೈಟ್ರಿಕ್ ಆಸಿಡ್‌ಗೆ 316ಎಲ್‌ಗಿಂತ ಅಗ್ಗದ 304ಎಲ್ ವಾಸಿ. ಟೈಟಾನಿಯಂ ಒದ್ದೆ ಕ್ಲೋರಿನ್‌ನಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಒಣ ಕ್ಲೋರಿನ್ ತಗುಲಿದರೆ ಹೊತ್ತಿ ಉರಿಯುತ್ತದೆ. ಹ್ಯಾಸ್ಟೆಲ್ಲಾಯ್ ಬಿ ಎಂಬ ನಿಕ್ಕೆಲ್ ಮಿಶ್ರಲೋಹ ಶುದ್ಧ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಗಟ್ಟಿ. ಅದೇ ಆಸಿಡ್‌ಗೆ ತುಕ್ಕಿನಿಂದ ಒಂದಿಷ್ಟು ಫೆರಿಕ್ ಕಬ್ಬಿಣ ಸೇರಿತೋ, ಬೇಗನೆ ಕರಗಿಹೋಗುತ್ತದೆ. ಹಾಗಾಗಿ ಮೆಟಲ್ ಬದಲಿಸುವ ಮುಂಚೆ ಹಳೆಯ ಭಾಗ ಯಾವುದರಿಂದ ಸತ್ತಿತು ಎಂದು ತಿಳಿಯಬೇಕು. ಅದು ಸವೆದ ಜಾಗದಲ್ಲೇ ಬರೆದಿರುತ್ತದೆ. ಬಿಚ್ಚಿದ ಪ್ಲಗ್ಗನ್ನು ವೈರ್ ಬ್ರಷ್‌ನಲ್ಲಿ ಉಜ್ಜಬೇಡಿ. ಮೊದಲು ಫೋಟೋ ತೆಗೆಯಿರಿ, ಅಂಟಿದ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಡಿ.

## ಬಿಚ್ಚುವ ಮುನ್ನ

ಲೈನ್ ಐಸೊಲೇಟ್ ಮಾಡಿ, ಒತ್ತಡ ಇಳಿಸಿ, ಡ್ರೈನ್ ಮಾಡಿ, ಬೀಗ ಮತ್ತು ಟ್ಯಾಗ್ ಹಾಕಿ. ಗೇಜ್ ಸೊನ್ನೆ ತೋರಿಸಿತೆಂದು ನಂಬಬೇಡಿ, ಗೇಜಿನ ಟ್ಯಾಪಿಂಗ್ ಕಟ್ಟಿಕೊಂಡಿರಬಹುದು. ಬಾಡಿಯ ಮೇಲಿನ ಮುಚ್ಚಳವಾದ ಬಾನೆಟ್‌ನೊಳಗೆ, ಬಾಲ್ ವಾಲ್ವ್ ಆದರೆ ಬಾಲ್‌ನ ಹೊಟ್ಟೆಯೊಳಗೆ, ದ್ರವ ಸಿಕ್ಕಿಕೊಂಡಿರುತ್ತದೆ. ಬಾನೆಟ್ ನಟ್‌ಗಳನ್ನು ಸ್ವಲ್ಪವೇ ಸಡಿಲಿಸಿ, ಬಾನೆಟ್ ಅಲುಗಿಸಿ, ಏನೂ ಹೊರಬರುತ್ತಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಪೂರ್ತಿ ಬಿಚ್ಚಿ. ವಾಲ್ವ್ ನಡೆಸುವ ಆಕ್ಚುವೇಟರ್‌ನ ಕೇಸಿಂಗ್‌ನಲ್ಲಿ ಉಳಿದವಕ್ಕಿಂತ ಉದ್ದದ ಬೋಲ್ಟ್‌ಗಳಿದ್ದರೆ ಅವನ್ನು ಕೊನೆಗೆ, ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಡಿಸಿ. ಒಳಗಿನ ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲೇ ಇರುತ್ತದೆ.

ಸಲ್ಫರ್ ಇರುವ ಲೈನ್‌ನಿಂದ ಬಿಚ್ಚಿದ ಭಾಗಗಳ ಮೇಲಿನ ಕಪ್ಪು ಪುಡಿ ಐರನ್ ಸಲ್ಫೈಡ್ ಆಗಿರಬಹುದು. ಅದು ಒಣಗಿದರೆ ಗಾಳಿ ತಗುಲಿಯೇ ಹೊತ್ತಿಕೊಳ್ಳುತ್ತದೆ, ಒದ್ದೆಯಾಗಿಯೇ ಇಡಿ. ಹೈಡ್ರೋಫ್ಲೋರಿಕ್ ಆಸಿಡ್ ಹರಿದ ವಾಲ್ವ್‌ಗೆ ತರಬೇತಿ ಇಲ್ಲದವರು ಕೈ ಹಾಕಲೇಬಾರದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲಿರದೆ ಆ ಕೆಲಸ ಶುರುವಾಗಬಾರದು.

## ಆ ಮೆಟಲ್ ನಿಜಕ್ಕೂ ಅದೇನಾ?

ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನೇಮ್‌ಪ್ಲೇಟ್‌ನಲ್ಲಿ 316 ಎಂದಿದ್ದರೂ ಹಿಂದಿನ ಶಟ್‌ಡೌನ್‌ನಲ್ಲಿ ಊರಿನ ಲೇತ್‌ನಲ್ಲಿ ಮಾಡಿಸಿದ ಪ್ಲಗ್ 304 ಅಥವಾ 410 ಆಗಿರಬಹುದು.

ಆಯಸ್ಕಾಂತ ಹಿಡಿದು ನೋಡುವುದು ರೂಢಿ. ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಾರ್‌ನಿಂದ ತಿರುಗಿಸಿದ 304, 316 ಪ್ಲಗ್‌ಗೆ ಅದು ಅಂಟುವುದಿಲ್ಲ. 410, 17-4 ಪಿಎಚ್, ಡ್ಯೂಪ್ಲೆಕ್ಸ್ ಎಂಬ ಬೇರೆ ಜಾತಿಯ ಸ್ಟೇನ್‌ಲೆಸ್‌ಗಳಿಗೆ ಗಟ್ಟಿಯಾಗಿ ಅಂಟುತ್ತದೆ. ಎರಕ ಹೊಯ್ದ ಸಿಎಫ್8ಎಂ ಬಾಡಿಗೆ, ಅಂದರೆ 316ರ ಎರಕದ ರೂಪಕ್ಕೆ, ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಬಿರುಕು ಬಿಡದಂತೆ ಎರಕದಲ್ಲಿ ಬೇಕೆಂದೇ ಸಾಮಾನ್ಯವಾಗಿ 5ರಿಂದ 20% ಆಯಸ್ಕಾಂತಕ್ಕೆ ಅಂಟುವ ಫೆರೈಟ್ ಉಳಿಸಿರುತ್ತಾರೆ. ಆಯಸ್ಕಾಂತ ಅಂಟಿತೆಂದು ಸರಿಯಾದ ಬಾಡಿಯನ್ನು ವಾಪಸ್ ಕಳಿಸುವುದು ವ್ಯರ್ಥ ಜಗಳ.

304ಕ್ಕೂ 316ಕ್ಕೂ ವ್ಯತ್ಯಾಸ ಮಾಲಿಬ್ಡಿನಂ. ಅದನ್ನು ಬಣ್ಣ ಬದಲಿಸುವ ಮಾಲಿ ಕಿಟ್‌ನ ಹನಿಯಿಂದ ಕೆಲ ನಿಮಿಷಗಳಲ್ಲಿ ನೋಡಬಹುದು. ಖಚಿತವಾಗಬೇಕಾದರೆ ಎಕ್ಸ್-ರೇ ಹಾಯಿಸುವ ಎಕ್ಸ್‌ಆರ್‌ಎಫ್ ಗನ್ ತರಿಸಿ ಪಿಎಂಐ, ಅಂದರೆ ಮೆಟಲ್ ಗುರುತಿನ ಪರೀಕ್ಷೆ, ಮಾಡಿಸಿ. ಆದರೆ ಆ ಗನ್ ಕಾರ್ಬನ್ ಅಳೆಯುವುದಿಲ್ಲ. 316ಕ್ಕೂ 316ಎಲ್‌ಗೂ ಇರುವ ವ್ಯತ್ಯಾಸ ಅದರ ಕಣ್ಣಿಗೆ ಬೀಳದು, ಅದಕ್ಕೆ ಕಿಡಿ ಹಾರಿಸಿ ಅಳೆಯುವ ಓಇಎಸ್‌ನಂಥ ಯಂತ್ರ ಬೇಕು.

## ಲಕ್ಷಣ: ವಾಲ್ವ್ ಮುಚ್ಚಿದರೂ ಫ್ಲೋ ನಿಲ್ಲುತ್ತಿಲ್ಲ

ಟ್ರಿಮ್, ಅಂದರೆ ಪ್ಲಗ್, ಸೀಟ್, ಸ್ಟೆಮ್‌ನಂಥ ಒಳಭಾಗಗಳನ್ನು, ಬಿಚ್ಚುವ ಮೊದಲು ಗಾಳಿಯನ್ನೂ ಸಿಗ್ನಲ್‌ಗೆ ತಕ್ಕಂತೆ ವಾಲ್ವ್ ನಿಲ್ಲಿಸುವ ಪೊಸಿಷನರ್ ಅನ್ನೂ ನೋಡಿ. ಮುಚ್ಚುವ ಸಿಗ್ನಲ್, ಸಾಮಾನ್ಯವಾಗಿ 4 ಮಿಲಿಆಂಪ್, ಕೊಟ್ಟಾಗ ಸ್ಟೆಮ್‌ನ ಸೂಚಿ ಸೊನ್ನೆಗೆ ಬರುತ್ತಿದೆಯೇ? ಸಪ್ಲೈ ಏರ್ ನೇಮ್‌ಪ್ಲೇಟ್ ಹೇಳಿದಷ್ಟು ಇದೆಯೇ? ಸ್ಪ್ರಿಂಗ್‌ನ ಬೆಂಚ್ ಸೆಟ್, ಅಂದರೆ ಅದು ಅಲುಗಲು ಶುರುವಾಗುವ ಮತ್ತು ಪೂರ್ತಿ ಚಲಿಸುವ ಗಾಳಿ ಒತ್ತಡ, ಸರಿಯಿದೆಯೇ? ಹ್ಯಾಂಡ್‌ವೀಲ್ ಅರ್ಧಕ್ಕೆ ತಡೆದು ನಿಂತಿಲ್ಲವಷ್ಟೇ? ಆಮೇಲೆ ಲೀಕೇಜ್ ಕ್ಲಾಸ್ ನೋಡಿ. ಕ್ಲಾಸ್ 4 ವಾಲ್ವ್ ತನ್ನ ಪೂರ್ತಿ ಸಾಮರ್ಥ್ಯದ 0.01% ಸೋರಬಹುದು, ಕ್ಲಾಸ್ 2 ಆದರೆ 0.5%. ಅಷ್ಟೇ ಸೋರುತ್ತಿದ್ದರೆ ಅದು ದೋಷವಲ್ಲ, ಆಯ್ಕೆಯ ಪ್ರಶ್ನೆ.

ಇವೆಲ್ಲ ಸರಿಯಿದ್ದರೆ ಸೀಟ್ ನೋಡಬೇಕು. ಸೀಟಿನ ಅಂಚಿಗೆ ಅಡ್ಡಲಾಗಿ, ಹರಿವಿನ ದಿಕ್ಕಿನಲ್ಲೇ ತೆಳ್ಳಗಿನ ಗೀರು ಕೊರೆದಿದ್ದರೆ ಅದು ವೈರ್ ಡ್ರಾಯಿಂಗ್. ವಾಲ್ವ್ ಸೀಟಿಗೆ ತೀರಾ ಹತ್ತಿರ ನಿಂತು, ಕೂದಲೆಳೆಯ ಸಂದಿಯಲ್ಲಿ ಭಾರಿ ವೇಗದಲ್ಲಿ ದ್ರವ ಅಥವಾ ಸ್ಟೀಮ್ ನುಗ್ಗಿದೆ. ಕಂಟ್ರೋಲ್ ರೂಮಿನ ಡಿಸಿಎಸ್ ಕಂಪ್ಯೂಟರ್‌ನಲ್ಲಿ ಟ್ರೆಂಡ್ ತೆಗೆದು ನೋಡಿ. ಹೆಚ್ಚು ಹೊತ್ತು 10%ಕ್ಕಿಂತ ಕೆಳಗೇ ತೆರೆದಿದ್ದರೆ ವಾಲ್ವ್ ಅಗತ್ಯಕ್ಕಿಂತ ದೊಡ್ಡದು. ಸೀಟಿಗೆ ಸ್ಟೆಲ್ಲೈಟ್ 6 ಎಂಬ ಗಡಸು ಕೋಬಾಲ್ಟ್ ಮಿಶ್ರಲೋಹ ಹೊದಿಸಿದರೆ ಬಾಳಿಕೆ ಹೆಚ್ಚುತ್ತದೆ, ಸಣ್ಣ ಟ್ರಿಮ್ ಹಾಕಿದರೆ ಕಾಯಿಲೆಯೇ ಹೋಗುತ್ತದೆ. ದುಂಡಗಿನ ತಗ್ಗು ಬಿದ್ದಿದ್ದರೆ ವೆಲ್ಡಿಂಗ್ ಸ್ಲ್ಯಾಗ್ ಅಥವಾ ಪೈಪಿನ ಕಿಲುಬು ಸೀಟಿನಲ್ಲಿ ಸಿಕ್ಕಿ ಜಜ್ಜಿದೆ. ಸ್ಟ್ರೈನರ್ ತೊಳೆಯಿರಿ, ಮೆಟಲ್ ಮುಟ್ಟಬೇಡಿ.

## ಲಕ್ಷಣ: ಒರಟಾಗಿ ಕಿತ್ತುಹೋದ ಮೈ, ಅಥವಾ ಹೊಳಪು ಬರುವಂತೆ ಸವೆದ ಮೈ

ಈ ಎರಡರ ನಡುವೆ ಗೊಂದಲವಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಉಗುರು ಆಡಿಸಿ ನೋಡಿ. ಉಗುರು ಎಲ್ಲೆಡೆ ಸಿಕ್ಕಿಕೊಳ್ಳುವಷ್ಟು ಒರಟು, ಕಣಕಣ ಕಿತ್ತು ಬಂದಂತಿದ್ದರೆ ಕ್ಯಾವಿಟೇಶನ್, ಅಂದರೆ ಒತ್ತಡ ಕುಸಿದಾಗ ಹುಟ್ಟಿದ ಆವಿ ಗುಳ್ಳೆಗಳು ಒತ್ತಡ ಮರಳಿದಾಗ ಒಡೆದು ಮೆಟಲ್ ಕೀಳುವುದು. ಅದು ಸಾಮಾನ್ಯವಾಗಿ ಸೀಟಿನಿಂದ ಕೆಳಗೆ, ಹರಿವು ಹೊರಹೋಗುವ ಬದಿಯಲ್ಲಿರುತ್ತದೆ. ವಾಲ್ವ್ ಓಡುವಾಗ ಪೈಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳಿರುತ್ತದೆ. ಮೈ ನುಣುಪಾಗಿ, ಪಾಲಿಶ್ ಹಿಡಿದಂತೆ, ಹರಿವಿನ ಗೆರೆಗಳ ಜೊತೆ ಸವೆದಿದ್ದರೆ ಫ್ಲಾಶಿಂಗ್, ಅಂದರೆ ಆ ಗುಳ್ಳೆಗಳು ಒಡೆಯದೆ ಆವಿಯಾಗಿಯೇ ಮುಂದೆ ಸಾಗುವುದು.

ಯಾವುದೆಂದು ಕಾಗದದ ಮೇಲೆ ಖಾತ್ರಿ ಮಾಡಿಕೊಳ್ಳಬಹುದು. ವಾಲ್ವ್ ಆಚೆಗಿನ ಒತ್ತಡ ಆ ತಾಪಮಾನದ ಆವಿ ಒತ್ತಡಕ್ಕಿಂತ ಕಡಿಮೆಯಿದ್ದರೆ ಫ್ಲಾಶಿಂಗ್. ಹೆಚ್ಚಿದ್ದರೆ ಈ ಲೆಕ್ಕ ಹಾಕಿ. ಉದಾಹರಣೆಗೆ 80 °ಸೆ. ನೀರು, ಈಚೆ 10 ಬಾರ್, ಆಚೆ 2 ಬಾರ್, ಎರಡೂ ಅಬ್ಸಲ್ಯೂಟ್. ಆ ನೀರಿನ ಆವಿ ಒತ್ತಡ ಸುಮಾರು 0.47 ಬಾರ್. ಗ್ಲೋಬ್ ವಾಲ್ವ್‌ನ ರಿಕವರಿ ಗುಣಾಂಕ (ತಯಾರಕರ ಕೆಟಲಾಗ್‌ನಲ್ಲಿರುವ ಅಂಕಿ) 0.9 ಎಂದಿಟ್ಟುಕೊಂಡರೆ ಅದರ ವರ್ಗ 0.81. ಆವಿ ಒತ್ತಡವನ್ನು 0.95ರಿಂದ ಗುಣಿಸಿ 10ರಿಂದ ಕಳೆದರೆ ಸುಮಾರು 9.55, ಅದನ್ನು 0.81ರಿಂದ ಗುಣಿಸಿದರೆ 7.7 ಬಾರ್. ಹರಿವು ಇನ್ನು ಹೆಚ್ಚದೆ ನಿಲ್ಲುವ, ಅಂದರೆ ಚೋಕ್ ಆಗುವ, ಮಿತಿ ಇದು. ಇಲ್ಲಿ ವಾಲ್ವ್ ಇಳಿಸುತ್ತಿರುವುದು 8 ಬಾರ್. ಹರಿವು ಚೋಕ್ ಆಗಿದೆ, ಕ್ಯಾವಿಟೇಶನ್ ಜೋರಾಗಿಯೇ ನಡೆಯುತ್ತಿದೆ. ಲೆಕ್ಕದ ಮಿತಿ ಮುಟ್ಟುವ ಮೊದಲೇ ಹಾನಿ ಶುರುವಾಗಿರುತ್ತದೆ ಎಂಬುದೂ ನೆನಪಿರಲಿ.

ಇಲ್ಲಿ 316 ತೆಗೆದು ಹ್ಯಾಸ್ಟೆಲ್ಲಾಯ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ. ಕ್ಯಾವಿಟೇಶನ್‌ಗೆ ಎದುರು ನಿಲ್ಲುವುದು ಗಡಸುತನ, ಆಸಿಡ್ ತಡೆಯುವ ಶಕ್ತಿಯಲ್ಲ. ಸ್ಟೆಲ್ಲೈಟ್ 6 ಹೊದಿಕೆ, ಶುದ್ಧ ನೀರಾದರೆ ಗಡಸುಗೊಳಿಸಿದ 440ಸಿ, ಇವು ಕಾಲ ತಳ್ಳುತ್ತವೆ. ಪೂರ್ತಿ ಪರಿಹಾರ ಬೇಕಾದರೆ ಒತ್ತಡವನ್ನು ಹಂತಹಂತವಾಗಿ ಇಳಿಸುವ ಆಂಟಿ-ಕ್ಯಾವಿಟೇಶನ್ ಕೇಜ್ ಹಾಕಿ, ಅಥವಾ ಆಚೆಗಿನ ಒತ್ತಡ ಹೆಚ್ಚುವಂತೆ ವಾಲ್ವ್‌ನ ಜಾಗ ಬದಲಿಸಿ. ಫ್ಲಾಶಿಂಗ್‌ಗೆ ಆ ಕೇಜ್ ಕೆಲಸ ಮಾಡುವುದಿಲ್ಲ, ಗುಳ್ಳೆಗಳು ಒಡೆಯುವುದೇ ಇಲ್ಲವಲ್ಲ. ಗಡಸು ಟ್ರಿಮ್, ಕ್ರೋಮ್-ಮಾಲಿ ಬಾಡಿ, ಆಂಗಲ್ ವಾಲ್ವ್ ಇವೇ ದಾರಿ.

ಮರಳು, ಕೆಸರು ಇರುವ ಲೈನ್‌ಗೆ ಟಂಗ್‌ಸ್ಟನ್ ಕಾರ್ಬೈಡ್ ಆರಿಸುವಾಗ ಅದರ ಕಣಗಳನ್ನು ಹಿಡಿದಿಡುವ ಬೈಂಡರ್ ಯಾವುದೆಂದು ಕೇಳಿ. ಆಸಿಡ್ ಅಥವಾ ಉಪ್ಪುನೀರಿನಲ್ಲಿ ಕೋಬಾಲ್ಟ್ ಬೈಂಡರ್ ಕರಗಿ ಕಾರ್ಬೈಡ್ ಕಣಗಳು ಉದುರುತ್ತವೆ, ನಿಕ್ಕೆಲ್ ಬೈಂಡರ್ ವಾಸಿ.

## ಲಕ್ಷಣ: ಸೂಜಿ ಚುಚ್ಚಿದಷ್ಟೇ ತೂತು, ಸುತ್ತ ತುಕ್ಕಿನ ಕಲೆ

ಉಳಿದ ಮೈ ಹೊಸದರಂತಿದ್ದು ಅಲ್ಲಲ್ಲಿ ಸಣ್ಣ ತೂತುಗಳಿದ್ದರೆ ಅದು ಪಿಟಿಂಗ್, ಕಾರಣ ಬಹುಪಾಲು ಕ್ಲೋರೈಡ್. ಸಣ್ಣ ತೂತೆಂದು ಉದಾಸೀನ ಮಾಡಬೇಡಿ. ಬಾಯಿ ಕಿರಿದಿದ್ದರೂ ಒಳಗೆ ಅಗಲವಾಗಿ ಕೊರೆದಿರುತ್ತದೆ. ಗ್ಯಾಸ್ಕೆಟ್ ಅಡಿಯಲ್ಲಿ, ಸೀಟ್ ರಿಂಗ್‌ನ ಥ್ರೆಡ್‌ನಲ್ಲಿ, ಅಂದರೆ ನೀರು ನಿಲ್ಲುವ ಸಂದಿಗಳಲ್ಲಿ ಮಾತ್ರ ತಿಂದಿದ್ದರೆ ಕ್ರೆವಿಸ್ ಕೊರೋಶನ್. ಎರಡರ ಬೇರೂ ಒಂದೇ, ಸಂದಿಯಲ್ಲಿ ಇನ್ನೂ ಬೇಗ ಶುರುವಾಗುತ್ತದೆ.

ಮೊದಲು ನೀರಿನ ರಿಪೋರ್ಟ್ ತೆಗೆಸಿ. ತಟಸ್ಥ, ಸ್ವಚ್ಛ, ತಣ್ಣನೆಯ ನೀರಿಗೆ ಇಟ್ಟುಕೊಳ್ಳುವ ಅಂದಾಜು ಮಿತಿ 304ಕ್ಕೆ ಸುಮಾರು 200 ಪಿಪಿಎಂ ಕ್ಲೋರೈಡ್, 316ಕ್ಕೆ ಸುಮಾರು 1000 ಪಿಪಿಎಂ. ಬಿಸಿ ಏರಿದಂತೆ, ಕೆಸರು ಕೂತಂತೆ, ಕ್ಲೋರಿನ್ ಡೋಸಿಂಗ್ ಹೆಚ್ಚಿದಂತೆ ಈ ಮಿತಿ ಬೇಗ ಕುಸಿಯುತ್ತದೆ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಸುಮಾರು 19,000 ಪಿಪಿಎಂ. ಅಲ್ಲಿ 316 ಹಾಕುವ ಮಾತೇ ಬೇಡ.

ಮೆಟಲ್‌ಗಳನ್ನು ಹೋಲಿಸಲು ಪಿಆರ್‌ಇಎನ್ ಎಂಬ ಅಂಕಿ ಅನುಕೂಲ. ಕ್ರೋಮಿಯಂ ಶೇಕಡಾವಾರಿಗೆ ಮಾಲಿಬ್ಡಿನಂನ 3.3 ಪಟ್ಟು, ನೈಟ್ರೋಜನ್‌ನ 16 ಪಟ್ಟು ಕೂಡಿಸಿ. 304ಕ್ಕೆ 18-19 ಬರುತ್ತದೆ, 316ಕ್ಕೆ 24-25, ಡ್ಯೂಪ್ಲೆಕ್ಸ್ 2205ಕ್ಕೆ ಸುಮಾರು 35, ಸೂಪರ್ ಡ್ಯೂಪ್ಲೆಕ್ಸ್‌ಗೆ 40ರ ಮೇಲೆ. ಸಮುದ್ರದ ನೀರಿಗೆ 40 ದಾಟಿದ್ದನ್ನೇ ಕೇಳುವುದು ವಾಡಿಕೆ. 316 ಪಿಟ್ ಆಯಿತೆಂದು 316ಎಲ್ ತರಿಸುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ, ಎರಡಕ್ಕೂ ಅಂಕಿ ಅಷ್ಟೇ. ಎಲ್ ಎಂದರೆ ಕಡಿಮೆ ಕಾರ್ಬನ್, ಅದು ವೆಲ್ಡಿಂಗ್ ಪಕ್ಕದ ಕೊರೆತಕ್ಕೆ ಮದ್ದು. ಕ್ಲೋರೈಡ್‌ಗೆ ಅಲ್ಲ.

ಡ್ಯೂಪ್ಲೆಕ್ಸ್ ಎರಕ ತರಿಸುವಾಗ ಎಎಸ್‌ಟಿಎಂ ಎ923 ಪರೀಕ್ಷೆಯ ವರದಿ ಕೇಳಿ. ಶಾಖ ಸಂಸ್ಕರಣೆ ಕೆಟ್ಟರೆ ಒಳಗೆ ಸಿಗ್ಮಾ ಎಂಬ ಬಿರುಸು ಹಂತ ಕೂರುತ್ತದೆ, ಪಿಎಂಐ ಗನ್‌ಗೆ ಅದು ಕಾಣದು. ಸುಮಾರು 300 °ಸೆ. ಮೇಲಿನ ಕೆಲಸಕ್ಕೂ ಡ್ಯೂಪ್ಲೆಕ್ಸ್ ಬೇಡ. ಹೈಪೋಕ್ಲೋರೈಟ್ ಲೈನ್‌ಗೆ ಟೈಟಾನಿಯಂ, ಅಲಾಯ್ ಸಿ-276 ಎಂಬ ನಿಕ್ಕೆಲ್ ಮಿಶ್ರಲೋಹ ಅಥವಾ ಪಿಎಫ್‌ಎ ಪ್ಲಾಸ್ಟಿಕ್ ಲೈನಿಂಗ್ ಇರುವ ವಾಲ್ವ್.

ಇನ್ನೂ ಲೈನ್‌ಗೆ ಹಾಕದ ಹೊಸ ವಾಲ್ವ್‌ನಲ್ಲೇ ತೂತು ಕಂಡರೆ ಪ್ರೊಸೆಸ್ ಮೇಲೆ ಅನುಮಾನ ಬೇಡ. ಬೋರ್‌ವೆಲ್ ನೀರಿನಲ್ಲಿ ಹೈಡ್ರೋಟೆಸ್ಟ್, ಅಂದರೆ ನೀರು ತುಂಬಿ ಒತ್ತಡದ ಪರೀಕ್ಷೆ, ಮಾಡಿ, ಒಣಗಿಸದೆ ಗೋಡೌನ್‌ನಲ್ಲಿಟ್ಟರೆ ಹೀಗಾಗುತ್ತದೆ. ಕ್ಲೋರೈಡ್ 50 ಪಿಪಿಎಂ ಒಳಗಿನ ನೀರು ಬಳಸಿ, ಕೂಡಲೇ ಗಾಳಿ ಊದಿ ಒಣಗಿಸಿ. ಸ್ಟೆಮ್‌ನಲ್ಲಿ ಸೋರಿಕೆ ತಡೆಯುವ ಪ್ಯಾಕಿಂಗ್ ಕೂತ ಜಾಗಕ್ಕಷ್ಟೇ ಸಾಲಾಗಿ ತೂತು ಬಿದ್ದಿದ್ದರೆ ತಪ್ಪು ಗ್ರಾಫೈಟ್ ಪ್ಯಾಕಿಂಗ್‌ನದು. ಒದ್ದೆಯಾದ ಗ್ರಾಫೈಟ್ ಮತ್ತು ಸ್ಟೀಲ್ ಸೇರಿ ಬ್ಯಾಟರಿಯ ಕೆಲಸ ಮಾಡುತ್ತವೆ, ತಿಂದುಹೋಗುವುದು ಸ್ಟೀಲ್. ಹೈಡ್ರೋಟೆಸ್ಟ್ ಮುಗಿಯುತ್ತಲೇ ಪ್ಯಾಕಿಂಗ್ ಬದಲಿಸಿ, ಇಲ್ಲವೇ ತುಕ್ಕು ತಡೆಯುವ ರಾಸಾಯನಿಕ ಸೇರಿಸಿದ ಪ್ಯಾಕಿಂಗ್ ತರಿಸಿ. ಪ್ರೊಸೆಸ್ ಒಪ್ಪಿದರೆ, ತಾಪಮಾನ 230 °ಸೆ. ಒಳಗಿದ್ದರೆ, ಪಿಟಿಎಫ್‌ಇ (ಟೆಫ್ಲಾನ್) ಪ್ಯಾಕಿಂಗ್ ಸಾಕು.

## ಲಕ್ಷಣ: ಬಿರುಕು, ಅಥವಾ ಸ್ಟೆಮ್ ಬಗ್ಗದೆಯೇ ಮುರಿಯಿತು

ಬಾಡಿ, ಬಾನೆಟ್, ಅವುಗಳ ಬೋಲ್ಟ್‌ಗಳಲ್ಲಿ ಬಿರುಕು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ವೆಲ್ಡಿಂಗ್ ಹಾಕಿ ಮತ್ತೆ ಲೈನ್‌ಗೆ ಸೇರಿಸುವುದು ಬೇಡವೇ ಬೇಡ. ಡೈ ಪೆನಿಟ್ರಂಟ್ ಟೆಸ್ಟ್ ಮಾಡಿಸಿ, ಮುರಿದ ಮುಖಗಳನ್ನು ಒಂದಕ್ಕೊಂದು ಜೋಡಿಸಿ ನೋಡದೆ ಹಾಗೇ ಸುತ್ತಿ ಲ್ಯಾಬ್‌ಗೆ ಕಳಿಸಿ.

ಟಿಸಿಲೊಡೆದ ಸೂಕ್ಷ್ಮ ಬಿರುಕುಗಳು 304, 316 ಮೈಮೇಲಿದ್ದು, ತಾಪಮಾನ ಸುಮಾರು 60 °ಸೆ. ದಾಟಿದ್ದರೆ ಮೊದಲ ಅನುಮಾನ ಕ್ಲೋರೈಡ್ ಎಸ್‌ಸಿಸಿ, ಅಂದರೆ ಕೊರೆತ ಮತ್ತು ಎಳೆತ ಸೇರಿ ಬರುವ ಬಿರುಕಿನ ಮೇಲೆ. ಒಳಗಿನ ದ್ರವದಲ್ಲಿ ಕ್ಲೋರೈಡ್ ಇಲ್ಲದಿದ್ದರೂ ಇದು ಬರಬಹುದು. ಮಂಗಳೂರು, ಕಾರವಾರದಂಥ ಕಡಲತೀರದಲ್ಲಿ ಉಪ್ಪುಗಾಳಿ ಮತ್ತು ಮಳೆನೀರು ಇನ್ಸುಲೇಶನ್ ಒಳಗೆ ಇಳಿದು, ಬಿಸಿ ಬಾಡಿಯ ಮೇಲೆ ಆರಿ, ಉಪ್ಪು ಗಟ್ಟಿಯಾಗುತ್ತದೆ. ಬಿರುಕು ಹೊರಗಿನಿಂದ ಒಳಗೆ ಹೋಗಿದೆಯೋ ಒಳಗಿನಿಂದ ಹೊರಗೆ ಬಂದಿದೆಯೋ ಎಂಬುದೇ ಇಲ್ಲಿನ ಸುಳಿವು. ಹೊರಗಿನದಾದರೆ ಇನ್ಸುಲೇಶನ್ ಸರಿಮಾಡಿ, ಬಣ್ಣ ಬಳಿಯಿರಿ. ಒಳಗಿನದಾದರೆ ಡ್ಯೂಪ್ಲೆಕ್ಸ್ ಅಥವಾ ನಿಕ್ಕೆಲ್ ಅಲಾಯ್‌ಗೆ ಹೋಗಿ.

17-4 ಪಿಎಚ್ ಸ್ಟೆಮ್ ಬಗ್ಗದೆ, ಹಿಗ್ಗದೆ ನೇರವಾಗಿ ತುಂಡಾಗಿದ್ದರೆ ಅದರ ಶಾಖ ಸಂಸ್ಕರಣೆ ಕೇಳಿ. ಎಚ್900 ಎಂಬ ಸಂಸ್ಕರಣೆಯ ಸ್ಥಿತಿಯಲ್ಲಿ ಗಡಸುತನ 40 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ) ದಾಟುತ್ತದೆ. ಸ್ಟೆಮ್ ಅಷ್ಟು ಗಡಸಾದರೆ ಹೈಡ್ರೋಜನ್ ಸಲ್ಫೈಡ್, ಕ್ಲೋರೈಡ್ ಎರಡಕ್ಕೂ ಬೇಗ ಸೀಳುತ್ತದೆ. ಸೋರ್ ಗ್ಯಾಸ್‌ಗೆ, ಅಂದರೆ ಹೈಡ್ರೋಜನ್ ಸಲ್ಫೈಡ್ ಇರುವ ಗ್ಯಾಸ್‌ಗೆ, ಎರಡು ಬಾರಿ ಎಚ್1150 ಮಾಡಿದ್ದು, ಗರಿಷ್ಠ 33 ಎಚ್‌ಆರ್‌ಸಿ ಇರಬೇಕು. ಹೈಡ್ರೋಜನ್ ಸಲ್ಫೈಡ್‌ನ ಭಾಗಶಃ ಒತ್ತಡ 0.3 ಕಿಲೋಪಾಸ್ಕಲ್ ಮುಟ್ಟಿದರೆ ಅಂಥ ಗ್ಯಾಸ್‌ಗೆ ಬಳಸುವ ಮೆಟಲ್‌ಗಳ ನೇಸ್ ಎಂಆರ್0175 ನಿಯಮಗಳು ಅನ್ವಯವಾಗುತ್ತವೆ. ಕಾರ್ಬನ್ ಸ್ಟೀಲ್ 22 ಎಚ್‌ಆರ್‌ಸಿ ಮೀರಬಾರದು, ಆ ಗ್ಯಾಸ್ ತಗುಲುವ ಕಡೆ ಬಿ7 ಬೋಲ್ಟ್ ಬದಲು ಅದಕ್ಕಿಂತ ಮೆತ್ತನೆಯ ಬಿ7ಎಂ ಬೇಕು. ಇಲ್ಲಿ ಅಂದಾಜಿಗೆ ಜಾಗವಿಲ್ಲ, ಮೆಟೀರಿಯಲ್ ಎಂಜಿನಿಯರ್ ಸಹಿ ಬೇಕೇಬೇಕು.

ಅಮೋನಿಯಾ ಪ್ಲಾಂಟ್‌ನಲ್ಲಿ ಪೊಸಿಷನರ್‌ನ ಹಿತ್ತಾಳೆ ಫಿಟ್ಟಿಂಗ್ ಸೀಳಿ ಗಾಳಿ ಸೋರುವುದೂ ಇದೇ ಜಾತಿಯ ಕಾಯಿಲೆ. ಎಸ್‌ಎಸ್ ಫಿಟ್ಟಿಂಗ್ ಹಾಕಿದರೆ ಮುಗಿಯಿತು.

## ಲಕ್ಷಣ: ಸ್ಟೆಮ್ ತಡೆದು ತಡೆದು ಜಿಗಿಯುತ್ತದೆ, ಅಥವಾ ಕಚ್ಚಿಕೊಂಡಿದೆ

ಪ್ಯಾಕಿಂಗ್ ಅದುಮುವ ಗ್ಲ್ಯಾಂಡ್ ನಟ್ ಅತಿಯಾಗಿ ಬಿಗಿದಿದ್ದಾರೆಯೇ ನೋಡಿ, ಅರ್ಧಕ್ಕರ್ಧ ಕೇಸುಗಳು ಇಲ್ಲೇ ತೀರುತ್ತವೆ. ಒತ್ತಡವಿರುವಾಗ ಗ್ಲ್ಯಾಂಡ್ ಸಡಿಲಿಸಬೇಡಿ. ಆಮೇಲೂ ಜಿಗಿದರೆ ಪ್ಲಗ್ ತೆಗೆದು ಗೈಡ್ ನೋಡಿ. ಉದ್ದಕ್ಕೆ ಗೀರು, ಮೆಟಲ್ ಕಿತ್ತು ಎದುರಿನ ಭಾಗಕ್ಕೆ ಅಂಟಿದ್ದರೆ ಗಾಲಿಂಗ್. 316 ಪ್ಲಗ್ 316 ಗೈಡ್‌ನೊಳಗೆ ಉಜ್ಜಿದರೆ ಇದು ಬಹುತೇಕ ಖಾತ್ರಿ. ಒಂದನ್ನು ನೈಟ್ರಾನಿಕ್ 60 ಎಂಬ, ಬೇಗ ಕಚ್ಚಿಕೊಳ್ಳದ ಸ್ಟೇನ್‌ಲೆಸ್‌ನಲ್ಲಿ ಮಾಡಿ, ಅಥವಾ ಸ್ಟೆಲ್ಲೈಟ್ ಹೊದಿಸಿ. ಎರಡರ ಗಡಸುತನದಲ್ಲಿ ಅಂತರ ಇರಲಿ. ಹಾರ್ಡ್ ಕ್ರೋಮ್ ಲೇಪನವೂ ನಡೆಯುತ್ತದೆ, ಆದರೆ ಹೈಡ್ರೋಕ್ಲೋರಿಕ್ ಆಸಿಡ್ ಅದನ್ನು ಕರಗಿಸುತ್ತದೆ.

## ಲಕ್ಷಣ: ಕಾರ್ಬನ್ ಸ್ಟೀಲ್ ಬಾಡಿ ಅಲೆಅಲೆಯಾಗಿ ತೆಳುವಾಗಿದೆ

ಬಾಯ್ಲರ್ ಫೀಡ್ ವಾಟರ್, ಕಂಡೆನ್ಸೇಟ್ ಲೈನ್‌ಗಳಲ್ಲಿ ಡಬ್ಲ್ಯೂಸಿಬಿ (ಎರಕದ ಕಾರ್ಬನ್ ಸ್ಟೀಲ್) ಬಾಡಿಯ ಒಳಮೈ ನುಣುಪಾಗಿ, ಸಣ್ಣ ಅಲೆಗಳಾಗಿ ಸವೆದಿದ್ದರೆ ಅದು ಎಫ್‌ಎಸಿ, ಅಂದರೆ ಹರಿವಿನಿಂದ ವೇಗ ಹೆಚ್ಚುವ ಕೊರೆತ. ಸ್ಟೀಲ್ ಮೇಲಿನ ಮ್ಯಾಗ್ನೆಟೈಟ್ ಪದರವನ್ನು ಆಮ್ಲಜನಕ ಕಡಿಮೆಯಿರುವ ವೇಗದ ನೀರು ಕರಗಿಸುತ್ತಲೇ ಇರುತ್ತದೆ, 150 °ಸೆ. ಆಸುಪಾಸಿನಲ್ಲಿ ಹೆಚ್ಚು. ಹೊರಗೆ ಯಾವ ಗುರುತೂ ಕಾಣುವುದಿಲ್ಲ. 1986ರಲ್ಲಿ ಅಮೆರಿಕದ ಸರ್ರಿ (Surry) ಅಣುಸ್ಥಾವರದಲ್ಲಿ ಹೀಗೆ ತೆಳುವಾದ ಪೈಪ್ ಒಡೆದು ನಾಲ್ವರು ಸತ್ತರು. 2004ರಲ್ಲಿ ಜಪಾನಿನ ಮಿಹಾಮಾ ಅಣುಸ್ಥಾವರದಲ್ಲಿ ಐವರು. ಮಿಹಾಮಾದಲ್ಲಿ ಒಡೆದದ್ದು ಫ್ಲೋ ಅಳೆಯುವ ಆರಿಫಿಸ್‌ನ ಆಚೆ ಬದಿ. ಕಂಟ್ರೋಲ್ ವಾಲ್ವ್ ಆಚೆ ಬದಿಯಲ್ಲೂ ಅಂಥದೇ ಸುಳಿಗಳಿರುತ್ತವೆ. ಆದ್ದರಿಂದ ಬಾಡಿಯ ಜೊತೆ ಅದರ ಮುಂದಿನ ಪೈಪ್ ಮತ್ತು ಮೊದಲ ಎಲ್ಬೋವನ್ನೂ ಅಲ್ಟ್ರಾಸಾನಿಕ್ ಗೇಜ್‌ನಿಂದ ಅಳೆಯಿಸಿ. ದಪ್ಪ, ವಾಲ್ವ್‌ಗಳ ಮಾನದಂಡವಾದ ಎಎಸ್‌ಎಂಇ ಬಿ16.34 ಹೇಳುವ ಕನಿಷ್ಠಕ್ಕಿಂತ ಇಳಿದ ಬಾಡಿಯನ್ನು ಮತ್ತೆ ಹಾಕಬೇಡಿ.

ಇಲ್ಲಿ ಸ್ಟೇನ್‌ಲೆಸ್‌ಗೆ ಹೋಗಬೇಕಿಲ್ಲ. ಸುಮಾರು 1.25% ಕ್ರೋಮಿಯಂ ಇರುವ ಡಬ್ಲ್ಯೂಸಿ6, ಸುಮಾರು 2.25% ಇರುವ ಡಬ್ಲ್ಯೂಸಿ9 ಬಾಡಿಯಿಂದಲೇ ಸವೆತ ತೀರಾ ಕಡಿಮೆಯಾಗುತ್ತದೆ. ಈ ದೋಷ ಇಷ್ಟು ಅಗ್ಗದಲ್ಲಿ ತೀರುವುದಿದ್ದರೂ ಡಬ್ಲ್ಯೂಸಿಬಿಯನ್ನೇ ಮತ್ತೆ ಮತ್ತೆ ತರಿಸುವುದು ಕಾಣುತ್ತದೆ.

## ಲಕ್ಷಣ: ಇಡೀ ಟ್ರಿಮ್ ಒಂದೇ ಸಮ ಮಂಕಾಗಿ ಸಣ್ಣಗಾಗಿದೆ

ಆಸಿಡ್‌ಗೆ ಮೆಟಲ್ ಹೊಂದಿಲ್ಲ. ಸಾಂದ್ರತೆ, ತಾಪಮಾನ, ಕಲಬೆರಕೆ ಮೂರನ್ನೂ ಹೊಸದಾಗಿ ಅಳೆಯಿಸಿ, ಹಳೆಯ ಡೇಟಾಶೀಟ್ ನಂಬಬೇಡಿ. ಸಲ್ಫ್ಯೂರಿಕ್ ಆಸಿಡ್ 98% ಇದ್ದಾಗ ಕಾರ್ಬನ್ ಸ್ಟೀಲ್ ಪೈಪ್ ತಡೆಯುತ್ತದೆ. ಮೇಲೆ ಕಟ್ಟುವ ಐರನ್ ಸಲ್ಫೇಟ್ ಪದರ ಅದನ್ನು ಕಾಯುತ್ತದೆ. ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ದಾಟಿದರೆ ಆ ಪದರ ತೊಳೆದುಹೋಗುತ್ತದೆ, ವಾಲ್ವ್ ಒಳಗೆ ವೇಗ ಯಾವಾಗಲೂ ಅದಕ್ಕಿಂತ ಹೆಚ್ಚು. ಹಾಗಾಗಿ ಪೈಪ್ ಕಾರ್ಬನ್ ಸ್ಟೀಲ್ ಇದ್ದರೂ ವಾಲ್ವ್ ಅಲಾಯ್ 20 ಎಂಬ ಮಿಶ್ರಲೋಹದ್ದಿರಲಿ, ಅಂದರೆ ಎರಕದಲ್ಲಿ ಸಿಎನ್7ಎಂ. ಮಧ್ಯಮ ಸಾಂದ್ರತೆಗೆ 316 ನಿಲ್ಲದು.

ಹೈಡ್ರೋಕ್ಲೋರಿಕ್ ಆಸಿಡ್‌ಗೆ ಯಾವ 300 ಸರಣಿಯ ಸ್ಟೇನ್‌ಲೆಸ್ಸೂ ಬೇಡ. ಪಿಎಫ್‌ಎ ಲೈನಿಂಗ್ ಹೆಚ್ಚಿನ ಕಡೆ ಅಗ್ಗ ಮತ್ತು ಸಾಕು, ಬಿಸಿ ಅಥವಾ ಒತ್ತಡ ಹೆಚ್ಚಾದರೆ ಸಿ-276. ಹೈಡ್ರೋಫ್ಲೋರಿಕ್‌ಗೆ ಗಾಳಿ ಸೇರದಿದ್ದರೆ ಮೊನೆಲ್ ಎಂಬ ನಿಕ್ಕೆಲ್-ತಾಮ್ರ ಮಿಶ್ರಲೋಹ. ಫ್ಲೋರೈಡ್ ಇರುವ ಕಡೆ ಟೈಟಾನಿಯಂ ಹಾಕಲೇಬಾರದು. ಬಿಸಿಯಾದ, ಸಾಂದ್ರ ಕಾಸ್ಟಿಕ್‌ಗೆ ನಿಕ್ಕೆಲ್ ಅಥವಾ ಮೊನೆಲ್.

ವೆಲ್ಡಿಂಗ್ ಪಕ್ಕದಲ್ಲಿ ಮಾತ್ರ ಗೆರೆ ಹಿಡಿದು ತಿಂದಿದ್ದರೆ ಕಥೆ ಬೇರೆ. 425ರಿಂದ 815 °ಸೆ. ನಡುವೆ ಬಿಸಿಯಾದಾಗ ಕ್ರೋಮಿಯಂ ಕಾರ್ಬೈಡಾಗಿ ಹೋಗಿ ಕಣಗಳ ಅಂಚು ಬಡವಾಗಿದೆ. ಕಡಿಮೆ ಕಾರ್ಬನ್‌ನ ಸಿಎಫ್3ಎಂ ತರಿಸಿ, ಅಥವಾ ಸಿಎಫ್8ಎಂ ಎರಕಕ್ಕೆ ವೆಲ್ಡ್ ರಿಪೇರಿ ಆದ ಮೇಲೆ ಸೊಲ್ಯೂಶನ್ ಅನೀಲಿಂಗ್ (ಚೆನ್ನಾಗಿ ಕಾಯಿಸಿ ಬೇಗ ತಣಿಸುವುದು) ಮಾಡಿದ ದಾಖಲೆ ಕೇಳಿ.

## ಹೊಸ ಟ್ರಿಮ್‌ಗೆ ಬರೆದು ಕಳಿಸುವಾಗ

ತಯಾರಕರಿಗೆ "ಕೊರೋಸಿವ್ ಸರ್ವಿಸ್" ಎಂದಷ್ಟೇ ಬರೆದರೆ ಅವರು 316 ಕಳಿಸುತ್ತಾರೆ, ತಪ್ಪು ಅವರದಲ್ಲ. ಕನಿಷ್ಠ, ಸಾಮಾನ್ಯ, ಗರಿಷ್ಠ ಹರಿವಿನಲ್ಲಿ ವಾಲ್ವ್‌ನ ಈಚೆ-ಆಚೆ ಒತ್ತಡ, ತಾಪಮಾನ, ಪಿಎಚ್, ಕ್ಲೋರೈಡ್ ಪಿಪಿಎಂ, ಹೈಡ್ರೋಜನ್ ಸಲ್ಫೈಡ್, ಗಟ್ಟಿ ಕಣಗಳ ಪ್ರಮಾಣ, ಗಾಳಿ ಸೇರುತ್ತದೆಯೇ ಎಂಬುದು, ಇವಿಷ್ಟನ್ನೂ ಕೊಡಿ. ಸ್ಟಾರ್ಟಪ್, ಸ್ಟೀಮ್ ಔಟ್, ಆಸಿಡ್ ಕ್ಲೀನಿಂಗ್ ವೇಳೆ ವಾಲ್ವ್ ಒಳಗೆ ಏನು ಹರಿಯುತ್ತದೆ ಎಂಬುದನ್ನೂ ಸೇರಿಸಿ. ವರ್ಷವಿಡೀ ನೆಟ್ಟಗಿದ್ದ ಸ್ಟೆಲ್ಲೈಟ್ ಸೀಟ್ ಒಂದು ದಿನದ ಹೈಡ್ರೋಕ್ಲೋರಿಕ್ ಕ್ಲೀನಿಂಗ್‌ನಲ್ಲಿ ಕೆಡಬಹುದು. ಬಾಡಿ, ಪ್ಲಗ್, ಸೀಟ್, ಸ್ಟೆಮ್, ಗೈಡ್, ಗ್ಯಾಸ್ಕೆಟ್, ಬೋಲ್ಟ್ ಪ್ರತಿಯೊಂದಕ್ಕೂ ಗ್ರೇಡ್ ಬೇರೆಬೇರೆಯಾಗಿ ನಮೂದಿಸಿ, ಮೆಟಲ್ ಕರಗಿಸಿದ ಬ್ಯಾಚಿನ ಹೀಟ್ ನಂಬರ್ ಸಹಿತ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಹಳೆಯ ಪ್ಲಗ್‌ನ ಫೋಟೋ ಮತ್ತು ಚೀಲದಲ್ಲಿಟ್ಟ ಪುಡಿಯ ವಿಶ್ಲೇಷಣೆಯನ್ನೂ ಆ ಕಾಗದದ ಜೊತೆಗೇ ಕಳಿಸಿ.